ಟ್ಯಾಂಕಿಗೆ ಹೊದಿಸಿದ ಕಂಬಳಿ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಈಗ ಒಂದು ವಿಮಾನದ ಕಥೆ ಓಡಾಡುತ್ತಿದೆ. ಘಟನೆ ನಡೆದು ಎರಡು ವರ್ಷ ತುಂಬಿಲ್ಲ. ಅಷ್ಟರಲ್ಲೇ ಅದನ್ನು ಹೇಳುವ ಮೂರು ಬೇರೆ ಬೇರೆ ಪಾಠಗಳು ಹುಟ್ಟಿಕೊಂಡಿವೆ. ಪಾವಗಡದ ಕಡೆಯವರ ಬಾಯಲ್ಲಿ ಆ ವಿಮಾನ ಎತ್ತಿನ ಗಾಡಿಯಷ್ಟು ದೊಡ್ಡದು. ಶಿರಾದ ಪಾಠದಲ್ಲಿ ಉಪಾಯಗಳೆಲ್ಲ ಬಟ್ಟೆ ವ್ಯಾಪಾರಿ ಪ್ರಭುದೇವ್ ಅವರವು. ಅದನ್ನು ನನಗೆ ಹೇಳಿದವರು ಪ್ರಭುದೇವ್ ಅವರೇ. ಹೆಚ್ಚು ಒಪ್ಪವಾದದ್ದು ಕೊರಟಗೆರೆಯ ಚಂದ್ರಶೇಖರಯ್ಯನವರ ಪಾಠ. ಅವರು ಕಥೆಯ ನಾಯಕಿಗೆ ಸೋದರಮಾವ. ಸಂಬಂಧಪಟ್ಟವರನ್ನೆಲ್ಲ ಕಂಡು, ವಿಮಾನವನ್ನೂ ಮುಟ್ಟಿ ನೋಡಿದ ಮೇಲೆ ಆ ಪಾಠವನ್ನೇ ಇಲ್ಲಿ ಕೊಡುತ್ತಿದ್ದೇನೆ. ವಿಮಾನದ ರೆಕ್ಕೆ ಚಾಚಿದ ಕೈಗಳ ಒಂದು ಮಾರಿಗಿಂತ ಸ್ವಲ್ಪ ಕಡಿಮೆ, ಬಣ್ಣ ಹಳದಿ.

ಲೋಹಿತಾ ಮಧುಗಿರಿಯಲ್ಲಿ ಔಷಧ ಸಿಂಪಡಿಸುವ, ಕಳೆ ಕೊಚ್ಚುವ ಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾಳೆ. ಅವಳೂ ಅವಳ ದೊಡ್ಡಪ್ಪನ ಮಗ ಪ್ರಭುದೇವ್ ಅವರೂ ಸೇರಿ, ನೆಲದ ಮೇಲೆ ನಿಂತು ರೇಡಿಯೋದಿಂದ ಹಾರಿಸುವ ಆ ವಿಮಾನವನ್ನು ಹಗುರ ಮರದಲ್ಲಿ ಕಟ್ಟಿದರು. ಮೂಗಿನ ತುದಿಯ ಫ್ಯಾನು ತಿರುಗಿಸಲು ಅದಕ್ಕೆ ನಿಜವಾದ ಎಂಜಿನ್ ಇದೆ. ಗಾತ್ರ ನಿಂಬೆಹಣ್ಣಿಗಿಂತ ತುಸು ಹೆಚ್ಚು. ಅದು ಕುಡಿಯುವುದು ಹರಳೆಣ್ಣೆ ಬೆರೆಸಿದ ಮೆಥನಾಲ್.

ವಿಮಾನ ಸಿದ್ಧವಾಯಿತು, ಬಯಲು ಸಿಗಲಿಲ್ಲ. ಮಧುಗಿರಿಯ ಸುತ್ತ ಬಂಡೆ, ಕೊರಟಗೆರೆಯ ಕಡೆ ತೆಂಗಿನ ತೋಟ ಮತ್ತು ಕರೆಂಟು ತಂತಿ, ತಿರುಮಣಿಯ ಕಡೆ ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು. ಕೊನೆಗೆ ಕುರಿ ಸಾಕುವ ದೊಡ್ಡಹನುಮಯ್ಯನವರು ತಮ್ಮ ಬೀಳು ಹೊಲದಲ್ಲಿ ಹಾರಿಸಲು ಒಪ್ಪಿದರು. ಅಂಥ ಸಮತಟ್ಟು ನೆಲ ನಾಲ್ಕು ತಾಲ್ಲೂಕಿನಲ್ಲಿ ಅವಳಿಗೆ ಇನ್ನೊಂದು ದೊರೆಯಲಿಲ್ಲ.

ವಿಮಾನವನ್ನು ಅಲ್ಲಿಗೆ ತಂದ ಮೊದಲ ದಿನ ಎಣ್ಣೆಯ ಟ್ಯಾಂಕನ್ನು ಇನ್ನೂ ಕೂರಿಸಿರಲಿಲ್ಲ. ಲೋಹಿತಾ ಮೂಗಿನ ಭಾಗವನ್ನು ತೆರೆದು, ಟ್ಯಾಂಕಿನ ಸುತ್ತ ಮೆತ್ತನೆಯದೇನಾದರೂ ಸುತ್ತಬೇಕು, ಇಲ್ಲವಾದರೆ ಎಂಜಿನ್ನಿನ ಅದುರಾಟಕ್ಕೆ ಎಣ್ಣೆ ನೊರೆಯಾಗಿ, ಎಂಜಿನ್ನಿಗೆ ಬರೀ ಗಾಳಿ ಹೋಗುತ್ತದೆ ಎಂದು ವಿವರಿಸುತ್ತಿದ್ದಳು. ದೊಡ್ಡಹನುಮಯ್ಯನವರ ಹೆಂಡತಿ ಪೆದ್ದಮ್ಮ ಒಳಗೆ ಹೋಗಿ, ಮಗ್ಗದಿಂದ ಇಳಿದು ವಾರವಾಗದ ಕರಿಯ ಕಂಬಳಿಯನ್ನು ತಂದು ಅದರ ಮೂಲೆಯೊಂದನ್ನು ಕತ್ತರಿಸಿದಳು. ಸೊಸೆಯಾಗಲಿ, ಸಂತೆಯಿಂದ ತಂದ ಟಗರಾಗಲಿ, ಆ ಮನೆಗೆ ಹೊಸದಾಗಿ ಬಂದದ್ದು ಮೊದಲು ಹೊಸ ಕಂಬಳಿಯ ಮೇಲೆ ನಿಲ್ಲಬೇಕೆಂಬುದು ಪದ್ಧತಿ. ಲೋಹಿತಾ ಆ ತುಂಡನ್ನು ಕಣ್ಣಿಗೊತ್ತಿಕೊಂಡು ಟ್ಯಾಂಕಿಗೆ ಬಿಗಿಯಾಗಿ ಸುತ್ತಿ, ಒತ್ತಿ ಕೂರಿಸಿದಳು.

ಮೊದಲ ಹಾರಾಟದಲ್ಲಿ ಎಂಜಿನ್ ಆಕಾಶದಲ್ಲೇ ನಿಂತಿತು; ವಿಮಾನ ಜಾಲಿಯ ಪೊದೆಗೆ ಬಿತ್ತು. ಎರಡನೆಯ ಸಲ ಬಿದ್ದದ್ದು ಕುರಿ ಹಿಂಡಿನ ನಡುವೆ. ಯಾವ ಕುರಿಗೂ ಪೆಟ್ಟಾಗಲಿಲ್ಲ, ಆದರೆ ಹಿಂಡು ದಿಕ್ಕಾಪಾಲಾಗಿ, ಕೂಡಿಸುವಷ್ಟರಲ್ಲಿ ಹೊತ್ತು ಮುಳುಗಿತು.

"ಹಳ್ಳೆಣ್ಣೆ ಕುಡಿಸಿದ್ರೆ ಯಾರ ಹೊಟ್ಟೆ ನೆಟ್ಟಗಿರ್ತದಮ್ಮಾ?" ಎಂದಳು ಪೆದ್ದಮ್ಮ. "ಅದಕ್ಕೇ ಅಲ್ಲಲ್ಲೇ ಕೂತ್ಕೊಂಬುಡ್ತದೆ."

ದೊಡ್ಡಹನುಮಯ್ಯ ನಗಲಿಲ್ಲ. "ನೋಡಮ್ಮ, ಬರೋ ಭಾನ್ವಾರ ಇನ್ನೊಂದ್ಸಲ ತಗೊಂಬಾ. ಮ್ಯಾಲೆ ಹೋಗಿ ಮತ್ತೆ ಅದರ ಬಾಯಿ ಕಟ್ಟಿತೋ, ಅವತ್ತಿಗೇ ಕೊನೆ. ಆಮ್ಯಾಕೆ ಅದನ್ನ ಈ ಹೊಲದ ಬದು ದಾಟಿಸಿ ತರ್ಬ್ಯಾಡ."

"ಕಟ್ಟಲ್ಲ," ಎಂದಳು ಲೋಹಿತಾ.

"ಹೋದ್ಸಲನೂ ಇಂಗೇ ಅಂದಿದ್ದೆ."

"ಹೋದ್ಸಲ ನಂಬಿಕೆ ಮೇಲೆ ಅಂದೆ. ಈ ಸಲ ಬಿಚ್ಚಿ ನೋಡಿ ಬಂದು ಅಂತೀನಿ."

ಶಿರಾದಿಂದ ಬಂದ ಪ್ರಭುದೇವ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಸಲಹೆ ಕೊಟ್ಟರು. "ಈ ಫಜೀತಿ ಯಾಕೆ ಲೋಹಿ? ಎಂಜಿನ್ ಕಿತ್ತಾಕಿ ಬ್ಯಾಟರಿ ಮೋಟಾರು ಹಾಕು. ಕೆಲ್ಸ ಖತಂ."

"ಸೀರೆ ಹರಿದ್ರೆ ನೀನು ಹೊಲಿಸ್ಕೊಳ್ಳಿ ಅಂತೀಯೋ, ಚೂಡಿದಾರ ತಗೊಳ್ಳಿ ಅಂತೀಯೋ?"

"ಚೂಡಿದಾರ ತಗೊಳ್ಳಿ ಅಂತೀನಿ. ನಾನು ವ್ಯಾಪಾರಿ."

ಲೋಹಿತಾ ಟ್ಯಾಂಕನ್ನು ಹೊರಗೆ ತೆಗೆದು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟಳು. ಅರೆಪಾರದರ್ಶಕ ಪ್ಲಾಸ್ಟಿಕ್ಕಿನ ಆ ಡಬ್ಬಿಯ ಬಾಯಿಗೆ ರಬ್ಬರ್ ಬಿರಡೆ, ಬಿರಡೆಯೊಳಗೆ ಹಿತ್ತಾಳೆಯ ಸಣ್ಣ ಕೊಳವೆಗಳು. ಒಳಗಡೆ ಒಂದು ಕೊಳವೆಗೆ ಮೆತ್ತನೆಯ ನಳಿಕೆ, ಅದರ ತುದಿಗೆ ತೂಕದ ಗುಂಡು. ವಿಮಾನ ಯಾವ ಕಡೆ ವಾಲಿದರೂ ಎಣ್ಣೆ ಆ ಕಡೆ ಹರಿಯುತ್ತದೆ, ಗುಂಡೂ ಅದನ್ನು ಹಿಂಬಾಲಿಸುತ್ತದೆ. ಹಾಗಾಗಿ ತಲೆಕೆಳಗಾದಾಗಲೂ ಎಂಜಿನ್ನಿಗೆ ಎಣ್ಣೆ ತಪ್ಪುವುದಿಲ್ಲ. ಗುಂಡು ಎಲ್ಲಾದರೂ ಸಿಕ್ಕಿಕೊಂಡಿತ್ತೇ? ಅವಳು ಡಬ್ಬಿಯನ್ನು ಕಿವಿಯ ಬಳಿ ಹಿಡಿದು ತಿರುಗಿಸಿದಳು. ಗುಂಡು ಸಲೀಸಾಗಿ ಉರುಳಾಡಿತು. ಸೋರುತ್ತದೆಯೇ ಎಂದು ಬಿರಡೆಯನ್ನು ನೀರಿನಲ್ಲಿ ಅದ್ದಿ, ಉಳಿದ ಕೊಳವೆಗಳನ್ನು ಮುಚ್ಚಿ ಒಂದಕ್ಕೆ ಊದಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಟ್ಯಾಂಕಿನ ನಡುಮಟ್ಟ ಕಾರ್ಬುರೇಟರಿನ ಮಟ್ಟಕ್ಕೆ ಸರಿಯಾಗಿಯೇ ಇತ್ತು. ತಪ್ಪು ಟ್ಯಾಂಕಿನದಲ್ಲ.

ಆಗ ಅವಳು ವಿಮಾನವನ್ನು ಮೇಜಿಗೆ ಬಿಗಿದು, ಟ್ಯಾಂಕನ್ನು ಮೊದಲಿನಂತೆಯೇ ಕೂರಿಸಿ, ರೆಕ್ಕೆ ತೆಗೆದ ಜಾಗದಿಂದ ಒಳಗೆ ಟಾರ್ಚು ಬಿಟ್ಟು, ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿದಳು. ಹೊಲದಲ್ಲಿ ಹಾರಿಸುವ ಮುನ್ನ ಓಡಿಸಿದ್ದು ಸ್ವಲ್ಪವೇ ಹೊತ್ತು. ಈಗ ಹಾಗೆಯೇ ಓಡಲು ಬಿಟ್ಟಳು. ಕಂಬಳಿಯ ಅಂಚಿನಾಚೆ ಕಾಣುತ್ತಿದ್ದ ಎಣ್ಣೆ ಮೆಲ್ಲಮೆಲ್ಲನೆ ಬೆಳ್ಳಗಾಗಿ, ಕಡೆದ ಮಜ್ಜಿಗೆಯಂತೆ ನೊರೆಗಟ್ಟಿತು. ಎಂಜಿನ್ ಕೆಮ್ಮಿ ನಿಂತಿತು.

"ಈಗ ಟ್ಯಾಂಕು ನೀನು ಹಿಡ್ಕೋ," ಎಂದು ಉದ್ದ ನಳಿಕೆ ಜೋಡಿಸಿ ಪ್ರಭುದೇವ್ ಅವರ ಕೈಗೆ ಕೊಟ್ಟಳು. "ಫ್ಯಾನಿನ ಹಿಂದೆ ನಿಂತ್ಕೋ. ಮುಂದೆ ಬಂದ್ರೆ ಬೆರಳು ನಿನ್ನವು, ಜವಾಬ್ದಾರಿ ನಂದಲ್ಲ."

ಅವರ ಕೈಯಲ್ಲಿ ಅದೇ ಟ್ಯಾಂಕಿನಲ್ಲಿ ಅದೇ ಎಣ್ಣೆ ತಿಳಿಯಾಗಿ ಉಳಿಯಿತು. ಎಂಜಿನ್ ಒಂದೇ ದನಿಯಲ್ಲಿ ಓಡಿತು. ಲೋಹಿತಾ ಕಂಬಳಿಯ ತುಂಡನ್ನು ಮಡಿಸಲು ನೋಡಿದಳು. ಅದು ಮಡಿಕೆಗೆ ಕೂರದೆ ಮತ್ತೆ ಮತ್ತೆ ಸೆಟೆದು ಬಿಚ್ಚಿಕೊಂಡಿತು. ಮೂಸಿದರೆ ಹುಣಸೆಬೀಜದ ಗಂಜಿಯ ವಾಸನೆ. ನೇಯುವವರು ಉಣ್ಣೆಯ ಎಳೆಗೆ ಆ ಗಂಜಿಯನ್ನು ಉಣಿಸುತ್ತಾರೆ. ಹೊಸ ಕಂಬಳಿ ನೆಲದ ಮೇಲೆ ತಾನೇ ನಿಲ್ಲುವಷ್ಟು ಬಿರುಸಾಗಿರುತ್ತದೆ. ಅದುರಾಟವನ್ನು ನುಂಗಬೇಕಾದದ್ದು ಅದನ್ನು ಇಡಿಯಾಗಿ ಟ್ಯಾಂಕಿಗೆ ದಾಟಿಸುತ್ತಿತ್ತು. ಉಣ್ಣೆಯೆಂದ ಮೇಲೆ ಮೆತ್ತಗೇ ಇರುತ್ತದೆಂದು ಅವಳೂ ನಂಬಿದ್ದಳು.

"ನನ್ನ ಅಂಗಡೀಲಿ ಸ್ಪಂಜು ಐತೆ," ಎಂದರು ಪ್ರಭುದೇವ್.

"ಆಯಮ್ಮ ಕೊಟ್ಟ ಕಂಬಳಿ ಕಿತ್ತು ಸ್ಪಂಜು ಹಾಕ್ಕೊಂಡು, ಆಯಮ್ಮನ ಹೊಲಕ್ಕೇ ಹೋಗ್ತೀಯಾ? ಎಂಜಿನ್ ಓಡ್ಬಹುದು, ನಮ್ಮನ್ನೂ ಓಡಿಸ್ತಾರೆ."

ಶನಿವಾರ ಅವಳು ಪೆದ್ದಮ್ಮನ ಮನೆಗೆ ಹೋಗಿ ಕಂಡದ್ದನ್ನು ಕಂಡಂತೆಯೇ ಹೇಳಿ, ಕಂಬಳಿಯ ತುಂಡನ್ನು ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆಯಲು ಅಪ್ಪಣೆ ಕೇಳಿದಳು.

"ಕಾದು, ಕಾದು," ಎಂದು ಪೆದ್ದಮ್ಮ ತೆಲುಗು ಬೆರೆಸಿ ಬೇಡವೆಂದಳು. "ಹೊಸ ಕಂಬಳಿಗೆ ಮೊದ್ಲ ನೀರು ಮಳೇದೇ ಆಗ್ಬೇಕು ಕಣಮ್ಮ."

ಅದು ಶಿವರಾತ್ರಿ ಕಳೆದ ವಾರ; ಮಳೆಯ ಮಾತೇ ಇರಲಿಲ್ಲ.

"ಹಂಗಾದ್ರೆ ನಿಮ್ಮ ಹೆಗಲ ಮೇಲಿನ ಹಳೇದ್ರಲ್ಲಿ ಒಂದು ತುಂಡು ಕೊಡಿ."

ಪೆದ್ದಮ್ಮ ಹೆಗಲ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡಳು. "ಏಮಮ್ಮಾ, ಬುದ್ಧಿ ಐತಾ? ಹೊದ್ದ ಕಂಬಳಿ ಇನ್ನೊಬ್ರಿಗೆ ಕೊಡೋದುಂಟಾ? ಅದು ನಮ್ಮ ಜತೆ ಮಣ್ಣಿಗೋಗೋದು."

ಜಗಲಿಯ ಮೇಲಿದ್ದ ದೊಡ್ಡಹನುಮಯ್ಯ ಬೀಡಿ ಹಚ್ಚುವುದನ್ನು ನಿಲ್ಲಿಸಿ ನೋಡಿದರು. ಇದೊಂದು ಮಾತು ಕೆಟ್ಟರೆ ಹೊಲ ಕೈತಪ್ಪಲು ಭಾನುವಾರದವರೆಗೂ ಕಾಯಬೇಕಿರಲಿಲ್ಲ. ಲೋಹಿತಾ ಆತುರಪಡಲಿಲ್ಲ. ಹಟ್ಟಿಯ ಮೂಲೆಯಲ್ಲಿ ಬುಟ್ಟಿಯ ಕೆಳಗೆ ಹಿಂದಿನ ದಿನ ಹುಟ್ಟಿದ ಕುರಿಮರಿ ಮಲಗಿತ್ತು. ಅವಳು ಬುಟ್ಟಿಯನ್ನು ಎತ್ತಿ ನೋಡಿದಳು.

"ಈ ಮರಿಗೆ ಹೊದಿಸಿರೋದು ಯಾವ ಕಂಬಳಿ?"

"ಹಳೇದು. ಹೊಸದು ಚುಚ್ತದೆ, ಮರಿಗೆ ತಡೆಯಲ್ಲ."

"ಅದು ನಿಮ್ಮದೇ ಹೊದ್ದ ಕಂಬಳಿ ತಾನೇ?"

"ನಂದೇ. ಮರಿಗೇನು, ಮರಿ ಬ್ಯಾರೆಯೋರಾ?"

"ನಿಮ್ಮ ಹೊಲದಾಗೆ ಎದ್ದು ಬಿದ್ದು ಕಲೀತಿರೋದು ಬ್ಯಾರೆಯೋರಾ? ಹೊಸ ಕಂಬಳಿ ಮೇಲೆ ನಿಂತ ಶಾಸ್ತ್ರ ಮುಗೀತು. ಈಗ ಅದಕ್ಕೆ ಮರಿ ಕಂಬಳಿ ಬೇಕು."

ಪೆದ್ದಮ್ಮ ಗಂಡನ ಮುಖ ನೋಡಿದಳು. "ನನ್ನ ಕೇಳ್ಬ್ಯಾಡ," ಎಂದರು ಅವರು, "ಬಾಣಂತನ ಎಲ್ಲಾ ನಿಂದೇ." ಪೆದ್ದಮ್ಮ "ಸರ್ಲೇ" ಎಂದು, ಕುರಿಮರಿಯ ಹೊದಿಕೆಯಲ್ಲಿಯೇ ಒಂದು ತುಂಡನ್ನು ಕತ್ತರಿಸಿ ಕೊಟ್ಟಳು. ವರ್ಷಗಟ್ಟಲೆ ಮಳೆ ಕುಡಿದು ಮೆದುವಾದ ಉಣ್ಣೆ ಅದು. ಲೋಹಿತಾಳ ಮುಷ್ಟಿಯೊಳಗೆ ಇಡಿಯಾಗಿ ಅಡಗಿತು.

ಅಂದೇ ಸಂಜೆ ಅವಳು ಅದನ್ನು ಟ್ಯಾಂಕಿನ ಸುತ್ತ ಸಡಿಲವಾಗಿ ಸುತ್ತಿ, ಎಲ್ಲಿಯೂ ಡಬ್ಬಿ ಮರವನ್ನು ಮುಟ್ಟದಂತೆ ಕೂರಿಸಿ, ಎಂಜಿನ್ ಓಡಿಸಿ ನೋಡಿದಳು. ಎಣ್ಣೆ ತಿಳಿಯಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ದೊಡ್ಡಹನುಮಯ್ಯ ಬದುವಿನ ಕಲ್ಲಿನ ಮೇಲೆ ಕುಳಿತರು. ಕುರಿಗಳನ್ನು ಬೇಕೆಂದೇ ಹೊಲದಂಚಿನಲ್ಲಿ ಬಿಟ್ಟಿದ್ದರು. ವಿಮಾನ ನೆಲ ಬಿಟ್ಟಿತು. ಲೋಹಿತಾ ಅದನ್ನು ಮೂಗು ಮೇಲೆ ಮಾಡಿ ನೆಟ್ಟಗೆ ಏರಿಸಿದಳು, ಮಗುಚಿದಳು, ತಲೆಕೆಳಗಾಗಿಯೇ ಹೊಲದ ಉದ್ದಕ್ಕೂ ಓಡಿಸಿದಳು. ಹಿಂದೆ ಎಂಜಿನ್ ನಿಂತದ್ದು ಹೀಗೆ ವೇಗದಲ್ಲಿದ್ದಾಗಲೇ ಎಂಬುದನ್ನು ಬಲ್ಲ ಪ್ರಭುದೇವ್ ಅವಳ ಪಕ್ಕಕ್ಕೆ ಬಂದರು. "ಇನ್ನು ಸಾಕು, ಇಳಿಸು, ಗೆದ್ದಿದೀವಿ," ಎಂದು ಪಿಸುಗುಟ್ಟಿದರು.

"ಇನ್ನೊಂದು ಸುತ್ತು," ಎಂದಳು ಲೋಹಿತಾ.

ಎಂಜಿನ್ನಿನ ದನಿ ಎಲ್ಲಿಯೂ ಮುರಿಯಲಿಲ್ಲ. ಮೊದಲು ತಲೆಯೆತ್ತಿದ್ದ ಕುರಿಗಳು ಒಂದೊಂದಾಗಿ ಮತ್ತೆ ಮೇಯತೊಡಗಿದವು. ಟ್ಯಾಂಕಿನಲ್ಲಿ ಇನ್ನೂ ಎಣ್ಣೆ ಇರುವಾಗಲೇ ಅವಳು ವಿಮಾನವನ್ನು ಇಳಿಸಿ, ನೆಲದ ಮೇಲೆ ಓಡಿಸಿಕೊಂಡು ಬಂದು ದೊಡ್ಡಹನುಮಯ್ಯನವರಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿದಳು. ಫ್ಯಾನು ಸಣ್ಣ ದನಿಯಲ್ಲಿ ತಿರುಗುತ್ತಲೇ ಇತ್ತು. ಅವರು ಅದು ನಿಲ್ಲಲೆಂದು ಕಾದರು. ಅದು ನಿಲ್ಲಲಿಲ್ಲ.

"ಇದಕ್ಕೆ ಸುಮ್ಕಿರು ಅನ್ನೋರೇ ಇಲ್ವಾ?" ಎಂದು ಕೊನೆಗೆ ಕೇಳಿದರು.

"ನೀವು ಅಂದ್ರೆ ಸುಮ್ಕಿರ್ತದೆ."

"ನಿಲ್ಸು ಮತ್ತೆ."

ಲೋಹಿತಾ ಕೈಯಲ್ಲಿದ್ದ ರೇಡಿಯೋದ ಗುಂಡಿ ಒತ್ತಿದಳು. ದೊಡ್ಡಹನುಮಯ್ಯ ಎದ್ದು ಕೋಲು ತೆಗೆದುಕೊಂಡು ಕುರಿಗಳ ಕಡೆ ಹೊರಟರು. ನಾಲ್ಕು ಹೆಜ್ಜೆ ಹೋಗಿ, ತಿರುಗಿ ನೋಡದೆಯೇ ಹೇಳಿದರು: "ಮುಂದಿನ ಭಾನ್ವಾರ ಕುರಿ ದಿಬ್ಬದ ಕಡೆ ಹೊಡ್ಕೊಂಡೋಗ್ತೀನಿ. ಈ ಕಡೆ ನಿಮಗೇ ಇರ್ಲಿ."