ಕಳೆಯ ನಡುವೆ ಒಂದು ಕಿಂಡಿ

ಮುನಿಲಕ್ಷ್ಮಿಯ ಬಗ್ಗೆ ಊರಿನಲ್ಲಿ ಎರಡು ಮಾತಿದೆ. ಕೆರೆಯಲ್ಲಿ ಗಾಳ ಹಾಕುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಅನ್ನುವುದು ಒಂದು. ಮೊದಲು ಬೈದು ಆಮೇಲೆ ಯೋಚನೆ ಮಾಡುತ್ತಾಳೆ ಅನ್ನುವುದು ಇನ್ನೊಂದು. ಎರಡೂ ನಿಜ. ಎರಡನೆಯದನ್ನು ಅವಳ ಮುಂದೆ ಹೇಳುವ ಗಂಡಸು ಮಾತ್ರ ಊರಿನಲ್ಲಿಲ್ಲ.

ಎರಡು ವರ್ಷದ ಹಿಂದೆ ಅವಳ ಒಬ್ಬಳೇ ಮಗಳು ಸುಮಲತ, ಚಿನ್ನದ ಗಣಿಯ ಸಾಲುಮನೆಗಳಾದ ಮೈಸೂರು ಮೈನ್ಸ್ ಲೈನಿನ ವೇಣುವನ್ನು ತಾನೇ ಮೆಚ್ಚಿ ಮದುವೆಯಾದಳು. ಅಳಿಯ ಮೊದಲ ಸಲ ಮನೆಗೆ ಬಂದ ದಿನವೇ ಮುನಿಲಕ್ಷ್ಮಿಯ ಚಿನ್ನದ ಓಲೆ ಕಾಣದಾಯಿತು. ಅವಳು ಹಿಂದುಮುಂದು ನೋಡಲಿಲ್ಲ. ಬೀದಿಯಲ್ಲಿ ನಿಂತು, ಹತ್ತು ಜನರ ಮುಂದೆ ಅವನನ್ನು ಕಳ್ಳ ಅಂದಳು. ಗಂಡನ ಕೈ ಹಿಡಿದುಕೊಂಡು ಹೋದ ಮಗಳು ಮತ್ತೆ ಮಾತಾಡಲಿಲ್ಲ. ತಿಂಗಳು ಕಳೆದ ಮೇಲೆ ಓಲೆ ರಾಗಿ ಡಬ್ಬಿಯಲ್ಲಿ ಸಿಕ್ಕಿತು. ಬಚ್ಚಿಟ್ಟು ಮರೆತವಳು ಅವಳೇ. ಕಿವಿಗೆ ಹಾಕಿಕೊಂಡಳು, ಯಾರಿಗೂ ಹೇಳಲಿಲ್ಲ. ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

ಈಗ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಸುಮಲತಳಿಗೆ ಹೆಣ್ಣುಮಗು. ಸುದ್ದಿ ತಿಳಿದ ಮುನಿಲಕ್ಷ್ಮಿ ಇದ್ದ ಹಾಗೆಯೇ ಆಸ್ಪತ್ರೆಗೆ ಓಡಿದ್ದಳು. ವೇಣುವಿನ ಮನೆಯಲ್ಲಿ ಬಾಣಂತನ ಮಾಡುವ ಹೆಂಗಸರಿರಲಿಲ್ಲ. ಅವನ ಅಕ್ಕ ಬರುವ ತನಕ, ಹತ್ತೇ ದಿನಕ್ಕೆ ಅಂತ ಅವಳು ತಾಯಿಯ ಮನೆಗೆ ಬಂದಳು. ಅವಳು ಬರುವ ದಿನ ಮುನಿಲಕ್ಷ್ಮಿ ಓಲೆ ಬಿಚ್ಚಿಟ್ಟು, ಕಿವಿಯ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಳು.

ಮಗಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಮೂರನೆಯ ದಿನ ತಾನಾಗಿ ಬಾಯಿಬಿಟ್ಟಳು. "ಅಮ್ಮ, ಕೊರಮೀನ್ ಸಾರು ಉಣ್ಬೇಕು ಅನ್ನಿಸ್ತೈತೆ."

ಕೊರಮೀನು ತಿಂದರೆ ಹೊಲಿಗೆ ಬೇಗ ಮಾಯುತ್ತದೆ ಅನ್ನುವ ನಂಬಿಕೆ ಅಲ್ಲಿನದು. ಮುನಿಲಕ್ಷ್ಮಿಗೆ ಅಷ್ಟೇ ಸಾಕಾಯಿತು. ಆ ಸಾರು ಮಗಳ ಹೊಟ್ಟೆಗೆ ಬಿದ್ದರೆ ಓಲೆಯ ಮಾತೆತ್ತದೆಯೇ ಎಲ್ಲ ಸರಿಹೋದೀತು ಎಂದುಕೊಂಡಳು.

ಕೆರೆಯ ತುಂಬ ತೇಲುವ ನೇರಳೆ ಹೂವಿನ ಕಳೆ. ನೀರು ಕಣ್ಣಿಗೇ ಬೀಳದು. ಅಂಥಲ್ಲಿ ಗಾಳ ಹಾಕಬೇಕೆಂದರೆ ದೋಟಿಯ ತುದಿಗೆ ಕುಡುಗೋಲು ಕಟ್ಟಿ, ಕಳೆಯನ್ನು ಕುಯ್ದು ಕಿಂಡಿ ತೆಗೆಯಬೇಕು. ಹಿಂಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಪಕ್ಕದ ಕಳೆಗೆ ನೇತುಹಾಕಬೇಕು. ಹಿಂಡಿಗೆ ಮರಿಮೀನು ಬರುತ್ತವೆ, ಮರಿಗೆ ಕೊರಮೀನು. ಕಿಂಡಿ ತೆಗೆದವರು ದಡದಲ್ಲಿ ಗೂಟ ನೆಡುತ್ತಾರೆ. ಇನ್ನೊಬ್ಬರ ಗೂಟದ ಮುಂದೆ ಗಾಳ ಬಿಡುವವನಿಗೆ ಆ ಕೆರೆಯಲ್ಲಿ ಮರ್ಯಾದೆಯಿಲ್ಲ.

ಐದು ದಿನ ಅವಳು ಕಿಂಡಿಗೆ ಹಿಂಡಿ ಉಣಿಸಿದಳು. ಮಗಳು ಬಂದ ಒಂಬತ್ತನೆಯ ದಿನ ಬೆಳಿಗ್ಗೆ ಗಾಳ ಹಿಡಿದು ಹೊರಟಳು. ರಾತ್ರಿ ಬೀಸಿದ ಗಾಳಿಗೆ ಮನೆಯ ತಗಡು ಬಡಿದುಕೊಂಡು ಮಗು ಮಲಗಿರಲಿಲ್ಲ, ಅವಳಿಗೂ ನಿದ್ದೆಯಿಲ್ಲ. ಮಾರನೆಯ ದಿನ ವೇಣು ಬಂದು ಮಗಳನ್ನು ಕರೆದೊಯ್ಯುವವನಿದ್ದ.

ಗೂಟ ಇದ್ದಲ್ಲೇ ಇತ್ತು. ಅದರ ಮುಂದೆ ಕಿಂಡಿ ಇರಲಿಲ್ಲ, ಬರೀ ಕಳೆ. ನಲವತ್ತು ಹೆಜ್ಜೆ ಆಚೆ ಕುಪ್ಪುಸ್ವಾಮಿ ಕೂತಿದ್ದ. ಊರಿಗಾಂನವನು, ಗಣಿಯ ಒಳಗೆ ಮೂವತ್ತು ವರ್ಷ ದುಡಿದು ಈಗ ಸೈಕಲ್ಲಿನಲ್ಲಿ ಕೆರೆಗೆ ಬರುವ ಒಂಟಿ ಮುದುಕ. ಅವನ ಮುಂದೆ ಹೊಸದೊಂದು ಕಿಂಡಿ. ಅದರ ಅಂಚಿಗೆ ಅವಳದೇ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ಹಿಂಡಿಯ ಗಂಟು.

"ಏನಣ್ಣ, ನಾನ್ ಉಣಿಸಿದ್ ಹಿಂಡಿ ಮೇಲೆ ನೀನ್ ಗಾಳ ಆಕ್ತೀಯ? ನನ್ ಗಂಟನ್ನೂ ಎತ್ಕೊಂಡ್ ಬಂದೀಯಲ್ಲ, ಕಳ್ಳ ಮುಂಡೇದೇ."

ಅವನು ಬಾಯಿ ತೆರೆಯುವ ಮೊದಲೇ ದಪ್ಪ ಕಲ್ಲೊಂದನ್ನೆತ್ತಿ ಕಿಂಡಿಗೆ ಎಸೆದಳು. ನೀರು ಮೇಲೆದ್ದು ಅವನ ಮುಖಕ್ಕೆ ರಾಚಿತು. ಕೆಳಗೆ ದೊಡ್ಡದೊಂದು ಮೈ ಹೊರಳಿತು, ಕಳೆಯೆಲ್ಲ ಅಲುಗಿತು, ಆಮೇಲೆ ಏನೂ ಇಲ್ಲ.

ಕುಪ್ಪುಸ್ವಾಮಿ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ಗಾಳದ ಕೋಲು ಸೈಕಲ್ಲಿಗೆ ಕಟ್ಟಿದ ಹಾಗೆಯೇ ಇತ್ತು. ದಾರವನ್ನೇ ಬಿಚ್ಚಿರಲಿಲ್ಲ.

"ಇದು ನಿಮ್ದೇ ಕಿಂಡಿ ಅಮ್ಮಾ," ಅಂದ. "ರಾತ್ರಿ ಗಾಳಿಗೆ ಕಳೆಯೆಲ್ಲಾ ಇಂಗಡೆ ಬಂದ್ಬಿಡ್ತು. ಕಿಂಡಿ, ಗಂಟು, ಎಲ್ಲಾ ಸೇರಿ ಬಂತು. ಗೂಟ ಮಣ್ಣಲ್ಲಿತ್ತು, ಅದೊಂದು ನಿಂತ್ಕೊಂಡ್ತು. ಗಣೀಲಿ ನಾವು ದಿನಾ ತಲೆ ಮೇಲಿನ ಬಂಡೆ ನೋಡ್ತಿದ್ವಿ, ಕದಲಿದ್ಯಾ ಅಂತ. ಈ ಕಳೇನೂ ಮೀನಿಗೆ ಚಾವಣಿ ತಾನೇ. ಮುಚ್ಕೊಂಡ್ಬಿಡುತ್ತೆ ಅಂತ ಬೆಳಿಗ್ಗೆಯಿಂದ ದೋಟೀಲಿ ಕಳೆ ತಳ್ತಾ ಕೂತಿದ್ದೆ. ನಿಮ್ ಮಗಳಿಗೆ ಬೇಕು ಅಂದಿದ್ರಲ್ಲಾ."

ಮುನಿಲಕ್ಷ್ಮಿ ಗೂಟದ ಕಡೆ ನೋಡಿದಳು, ಕಿಂಡಿಯ ಕಡೆ ನೋಡಿದಳು. ಸೊಪ್ಪಿನ ಮಡಿಯ ಹಾಗೆ ಉದ್ದಕ್ಕೆ ಕುಯ್ದದ್ದು, ತನ್ನದೇ ಕೈಯ ಕೆಲಸ. ಅಲ್ಲೇ ಕೂತುಬಿಟ್ಟಳು.

"ಒಂದ್ ಮಾತು ಕೇಳಿದ್ರೆ ಯೋಳ್ತಿದ್ದೆನಲ್ಲಮ್ಮಾ," ಅಂದ ಮುದುಕ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು.

ಇಬ್ಬರೂ ಮಧ್ಯಾಹ್ನದವರೆಗೆ ಕಾದರು. ಹೆದರಿದ ಮೀನು ಮತ್ತೆ ಆ ಕಡೆ ಸುಳಿಯಲಿಲ್ಲ. ಏಳುವಾಗ ಮುನಿಲಕ್ಷ್ಮಿ, "ತಪ್ಪಾಯ್ತಣ್ಣ," ಅಂದಳು. ಆ ಮಾತನ್ನು ಆಡಿ ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿಲ್ಲ. ಆಡಿದ ಮೇಲೆ ಜೀವವೇನೂ ಹೋಗಲಿಲ್ಲ.

ಮನೆಯಲ್ಲಿ ಸುಮಲತ ಮಗುವಿಗೆ ಹಾಲೂಡಿಸುತ್ತಿದ್ದಳು. ತಾಯಿ ಬಾಗಿಲಲ್ಲೇ ನಿಂತಳು.

"ಮೀನ್ ಸಿಕ್ಲಿಲ್ಲ ಕಣೆ. ನಾನೇ ಕಲ್ಲಾಕಿ ಓಡಿಸ್ದೆ. ಕುಪ್ಪುಸ್ವಾಮಣ್ಣನ್ನ ಕಳ್ಳ ಅಂದ್ಬಿಟ್ಟೆ." ಹೊಸಿಲು ದಾಟಿ ಒಳಗೆ ಬಂದಳು. "ಓಲೆ ರಾಗಿ ಡಬ್ಬೀಲಿತ್ತು, ಸುಮಾ. ನಾನೇ ಇಕ್ಕಿದ್ದೆ."

"ಗೊತ್ತು," ಅಂದಳು ಮಗಳು, ತಲೆಯೆತ್ತದೆ. "ಆಸ್ಪತ್ರೆಗೆ ಓಡ್ ಬಂದೆಯಲ್ಲ, ಅವತ್ತು ನಿನ್ ಕಿವೀಲೇ ಇತ್ತು. ಮನೇಗ್ ಬಂದ್ರೆ ಬೇವಿನ ಕಡ್ಡಿ. ಒಂಬತ್ ದಿನದಿಂದ ಕಾಯ್ತಾ ಇದೀನಮ್ಮ, ಯಾವಾಗ ಯೋಳ್ತೀಯ ಅಂತ."

ಮುನಿಲಕ್ಷ್ಮಿಯ ಕೈ ತಾನಾಗಿ ಕಿವಿಗೆ ಹೋಯಿತು.

"ನಂಗ್ ಯೋಳಿದ್ರೆ ಸಾಲ್ದು," ಅಂದಳು ಸುಮಲತ.

ಮಾರನೆಯ ಬೆಳಿಗ್ಗೆ ವೇಣು ಆಟೋದಿಂದ ಇಳಿದಾಗ ಅತ್ತೆ ಬಾಗಿಲಲ್ಲಿರಲಿಲ್ಲ, ಬೀದಿಯ ನಡುವೆ ನಿಂತಿದ್ದಳು. ಎರಡು ವರ್ಷದ ಹಿಂದೆ ನಿಂತಿದ್ದ ಜಾಗವೇ. ಕಿವಿಯಲ್ಲಿ ಓಲೆಯಿತ್ತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಹೆಂಗಸರು ಇನ್ನೇನು ಗ್ರಹಚಾರವೋ ಅಂತ ಇತ್ತ ತಿರುಗಿದರು. ಅವರಿಗೂ ಕೇಳಲಿ ಅಂತಲೇ ಮುನಿಲಕ್ಷ್ಮಿ ದನಿ ಏರಿಸಿದಳು.

"ಓಲೆ ನಮ್ಮನೇಲೇ ಇತ್ತು ಕಣಪ್ಪ. ನಿನ್ನ ಕಳ್ಳ ಅಂದಿದ್ದು ನನ್ ತಪ್ಪು. ಒಳೀಕ್ ಬಾ."