ಹನ್ನೆರಡು ಮಾತಿನ ಬೀಗ

ನವಲಿಯ ಹನುಮಪ್ಪನ ಗುಡಿಯ ಭಜನಾ ಮೇಳದಲ್ಲಿ ತಾಳ ಹಿಡಿಯುವ ಕೊಟ್ರಬಸಪ್ಪನಿಗೆ ಒಂದೇ ಒಂದು ಚಟ. ಬೀಡಿಯಲ್ಲ, ಇಸ್ಪೀಟಲ್ಲ, ಪದ ತಿದ್ದುವ ಚಟ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ, ಚೀಲದ ಮೇಲೆ ಚೀಲ ಅಂಚಿಗೆ ಅಂಚು ಕೂಡುವಂತೆ ಒಟ್ಟಿಸಿದ ಜೀವ. ಹಾಡಿನಲ್ಲೂ ಒಂದು ಮಾತು ಸಾಲು ಬಿಟ್ಟು ಹೊರಗೆ ಚಾಚಿಕೊಂಡಿದ್ದರೆ ಅವನಿಗೆ ಉಂಡ ಅನ್ನ ಕರಗದು. ಹಿಂದಿನದನ್ನು ಮುಂದೆ ತಂದು, ಮುಂದಿನದನ್ನು ಹಿಂದೆ ತಳ್ಳಿ, ಪ್ರಾಸ ಕೂಡಿಸಿದ ಮೇಲೆಯೇ ಉಸಿರು ಬಿಡುವವನು.

ಮೇಳದ ಹಿರಿಯ ಸಣ್ಣಪ್ಪನಿಗೆ ಇದನ್ನು ಕಂಡರೆ ಮೈ ಉರಿ. ಸಣ್ಣಪ್ಪ ಗದ್ದೆ ಕೂಲಿಯ ಮನುಷ್ಯ, ಹೆಬ್ಬೆಟ್ಟಿನವ. ಆದರೆ ತತ್ವಪದಗಳು, ಕಣದಲ್ಲಿ ಎತ್ತು ತುಳಿಸುವಾಗಿನ ಹಂತಿ ಪದಗಳು, ಎಲ್ಲವನ್ನೂ ನೆಲದೊಳಗಿನ ಹಗೇವಿನ ಜೋಳದಂತೆ ಎದೆಯೊಳಗೆ ತುಂಬಿಟ್ಟುಕೊಂಡವ. “ಗುಮಾಸ್ತರ, ಹಿರ್ಯಾರು ಹಚ್ಚಿದ ಸಸಿ ಕಿತ್ತು ಕಿತ್ತು ಸಾಲಿಗೆ ಹಚ್ಚಬ್ಯಾಡ್ರಿ, ಒಣಗಿ ಹೊಕ್ಕಾವ,” ಎನ್ನುತ್ತಿದ್ದ. ಕೊಟ್ರಬಸಪ್ಪ ಹೂಂ ಎನ್ನುತ್ತಿದ್ದ. ಮುಂದಿನ ಸೋಮವಾರ ಮತ್ತೆ ಕೀಳುತ್ತಿದ್ದ.

ಹೀಗೆ ಬೈಸಿಕೊಳ್ಳುತ್ತಲೇ ಅವನು ಒಂಬತ್ತು ವರ್ಷ, ಸೋಮವಾರ ತಪ್ಪದಂತೆ, ಸಣ್ಣಪ್ಪನ ಹಾಡಿಕೆಯನ್ನೆಲ್ಲ ಫೋನಿನಲ್ಲಿ ಹಿಡಿದಿದ್ದ. ಫೋನು ತುಂಬಿದಾಗಲೆಲ್ಲ ಯಾವುದೋ ದೊಡ್ಡ ಕಂಪನಿಯ ಕ್ಲೌಡಿಗೆ ಏರಿಸಿ ಖಾಲಿ ಮಾಡಿಕೊಳ್ಳುತ್ತಿದ್ದ. ಹೋದ ಕಾರ್ತಿಕದಲ್ಲಿ ಸಣ್ಣಪ್ಪ ತೀರಿಕೊಂಡ. ಆಮೇಲೆ ಸಣ್ಣಪ್ಪನ ದನಿ ಈ ಲೋಕದಲ್ಲಿ ಉಳಿದದ್ದು ಅದೊಂದೇ ಕಡೆ. ಮಣ್ಣು ಮಾಡಿ ಬಂದ ದಿನ ಸಣ್ಣಪ್ಪನ ಹೆಂಡತಿ ಹುಲಿಗವ್ವನ ಮುಂದೆ ಕುಳಿತು ಕೊಟ್ರಬಸಪ್ಪ ಮಾತು ಕೊಟ್ಟ: “ವರ್ಷದ ಪೂಜಿಗೆ ಸಣ್ಣಪ್ಪನ ದನೀನ ಮುಂದ ಹಾಡತೈತಿ, ನಾವೆಲ್ಲಾ ಹಿಂದ ಹಿಡೀತೀವಿ. ಇದು ನನ್ನ ಜವಾಬ್ದಾರಿ, ಬೇ.” ಹುಲಿಗವ್ವ ಅತ್ತೂ ಅತ್ತೂ ಬತ್ತಿ ಹೋಗಿದ್ದ ಕಣ್ಣಿನಿಂದ ಒಮ್ಮೆ ನೋಡಿದಳು, ಅಷ್ಟೇ.

ಯುಗಾದಿ ಹೊತ್ತಿಗೆ ಕಂಪನಿಯ ಬಾಡಿಗೆ ತಿಂಗಳಿಗೆ ಆರುನೂರೈವತ್ತಕ್ಕೆ ಏರಿತು. ಕೊಟ್ರಬಸಪ್ಪ ಬಸ್ಸು ಹತ್ತಿ ಗಂಗಾವತಿಗೆ ಹೋಗಿ ಭವಾನಿಯ ಆನ್‌ಲೈನ್ ಸೆಂಟರಿನಲ್ಲಿ ಕುಳಿತ. ಭವಾನಿ ಗಿರಣಿಯ ಹಳೇ ಲಾರಿ ಡ್ರೈವರನ ಮಗಳು; ಪಹಣಿ, ಆಧಾರ್, ಪಿಂಚಣಿ ಅರ್ಜಿ ಎಂದು ದಿನವಿಡೀ ಕೀಲಿಮಣೆ ಕುಟ್ಟುವವಳು.

“ಗಾಳಿಯೊಳಗ ಇಡಾಕ ಇಷ್ಟ್ಯಾಕವಾ ಬಾಡಿಗಿ?”

“ಗಾಳಿ ಎಲ್ಲಿದು ಕಾಕಾ, ಅದೂ ಒಂದು ಗೋದಾಮನ. ಊರಷ್ಟ ಕಟ್ಟಡ, ಅದರ ತುಂಬ ಕಂಪ್ಯೂಟರ. ಅವು ಬಿಸಿ ಆಗಬಾರದಂತ ಹಗಲೂ ರಾತ್ರಿ ಎ.ಸಿ., ಕರೆಂಟ, ಜನರೇಟರ, ವಾಚ್‌ಮನ್. ಆ ಖರ್ಚೆಲ್ಲ ನಿಮ್ಮ ಬಾಡಿಗ್ಯಾಗ ಕೂಡತೈತಿ. ಮ್ಯಾಲ ಮಾಲಕರ ಲಾಭ.”

ಗೋದಾಮು ಎಂದ ಕೂಡಲೇ ಕೊಟ್ರಬಸಪ್ಪನ ಬೆನ್ನು ನೆಟ್ಟಗಾಯಿತು. ಇದು ಅವನ ಸೀಮೆ. “ಇದಕ್ಕಿಂತ ಸೋವಿದು ಇಲ್ಲೇನು?”

“ಐತ್ರಿ. ಗೋದಾಮ ಇಲ್ಲದ್ದು. ಜಗತ್ತಿನ ತುಂಬ ಮಂದಿ ಕಂಪ್ಯೂಟರಿನ್ಯಾಗ ಜಾಗ ಖಾಲಿ ಬಿದ್ದಿರತೈತಿ. ನಿಮ್ಮ ಹಾಡು ತುಂಡು ತುಂಡು ಮಾಡಿ, ಯಾರಿಗೂ ತಿಳೀದಂಗ ಬೀಗ ಹಾಕಿ, ಒಬ್ಬೊಬ್ಬರ ಮನ್ಯಾಗ ಒಂದೊಂದ ತುಂಡು ಇಡ್ತಾರ. ಎಂಬತ್ತು ಮಂದಿ ಹತ್ರ ಇಟ್ರ, ಮೂವತ್ತು ಮಂದಿ ಸಿಕ್ರ ಸಾಕು, ಪೂರಾ ಹಾಡು ಮತ್ತ ಕೂಡತೈತಿ. ಕಟ್ಟಡ ಇಲ್ಲ, ಎ.ಸಿ. ಇಲ್ಲ. ನೂರಾಐವತ್ತಕ್ಕ ಕೆಲಸ ಮುಗೀತು.”

“ಅಂದ್ರ ನಮ್ಮ ಮೇಳ ಇದ್ದಂಗನ ಆತು,” ಎಂದು ಕೊಟ್ರಬಸಪ್ಪ ತೊಡೆ ತಟ್ಟಿದ. “ನನಗ ಕಡೀ ನುಡಿ ಬರಂಗಿಲ್ಲ, ಢೋಲಕಿ ಮಲಿಕಸಾಬಗ ಮೊದಲನೇದು ಬರಂಗಿಲ್ಲ. ಕೂಡಿ ಕುಂತ್ರ ಪದ ಪೂರಾ!” ಆಮೇಲೆ ದನಿ ತಗ್ಗಿಸಿ, ಗಿರಣಿಯ ಗುಮಾಸ್ತನಾಗಿ ಕೇಳಿದ: “ಮಾಲು ಇಳಸೂ ಹಮಾಲಿ ಎಷ್ಟು?”

ಭವಾನಿ ಕುಟ್ಟುವುದನ್ನು ನಿಲ್ಲಿಸಿದಳು. “ಅಬ್ಬಾ ಕಾಕಾ, ಇಂಜಿನಿಯರ್ ಓದಿದವ್ರೂ ಇದನ್ನ ಕೇಳಂಗಿಲ್ಲ. ಇಡಾಕ ಒಂದು ದರ, ಹೊರಗ ತಗಿಯಾಕ ಒಂದು ದರ. ದೊಡ್ಡ ಧಂದೇದವ್ರಿಗೆ ಗೋದಾಮಿನ್ಯಾಗ ಆ ತಗಿಯೂ ಕೂಲೀನ ಬಾಡಿಗಿ ಮೀರಸತೈತಿ. ಇಲ್ಲಿ ಅದೂ ಕಡಿಮಿ. ಆದ್ರ ಒಂದ ಮಾತು. ಗೋದಾಮಿನ ಕೀಲಿ ಕಳದ್ರ ಕಂಪನಿಯವ್ರು ಹೊಸಾ ಕೀಲಿ ಕೊಡ್ತಾರ. ಇಲ್ಲಿ ಕೇಳಾಕ ಮಾಲಕನ ಇಲ್ಲ. ಹನ್ನೆರಡು ಮಾತಿನ ಕೀಲಿ, ಅದು ನಿಮ್ಮ ಹತ್ರಷ್ಟ. ಕಳಕೊಂಡ್ರಿ ಅಂದ್ರ ಬ್ರಹ್ಮ ಬಂದ್ರೂ ತೆಗಿಯಾಂಗಿಲ್ಲ. ಕಾಯೂ ಕೆಲಸ ನಿಮ್ಮ ತಲಿಗೆ ಹಚ್ಯಾರ, ಅದಕ್ಕ ಸೋವಿ.”

“ಹನ್ನೆರಡ ಮಾತು? ನಾವು ನೂರಾ ಒಂದು ನುಡಿ ಬಾಯಿಪಾಠ ಹೇಳೂ ಮಂದಿ, ತಂಗಿ.”

ಭವಾನಿ ಹಾಡುಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿ, ಹಳೆಯದನ್ನು ಅಳಿಸಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟಳು: ರಿಬ್ಬನ್, ಡಾಕ್ಟರ್, ಮಂಕಿ, ಅಂಬ್ರೆಲಾ, ಟಿಕೆಟ್, ಆನಿಯನ್, ಲೆಮನ್, ಕಿಚನ್, ಎಂಜಿನ್, ಬ್ಲಾಂಕೆಟ್, ಅಂಕಲ್, ಮ್ಯಾಂಗೋ. “ಮಂತ್ರ ಇದ್ದಂಗ ಕಾಕಾ. ಯಾರಿಗೂ ಹೇಳಬ್ಯಾಡ್ರಿ. ಚೀಟಿ ಎಲ್ಲೆಂದರಲ್ಲಿ ಒಗದು ಕುಂದರಬ್ಯಾಡ್ರಿ.”

ಊರಿಗೆ ಮರಳುವ ಬಸ್ಸಿನಲ್ಲಿ, ಪಿಂಚಣಿ ಕೆಲಸಕ್ಕೆ ಬಂದಿದ್ದ ಹುಲಿಗವ್ವ ಪಕ್ಕದಲ್ಲೇ ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು. ಕೊಟ್ರಬಸಪ್ಪ ಚೀಟಿ ಹಿಡಿದು, ಕಣ್ಣು ಅರೆಮುಚ್ಚಿ, ಕನಕಗಿರಿ ದಾಟುವತನಕ ಪಠಿಸಿದ್ದೇ ಪಠಿಸಿದ್ದು. ಕಂಡಕ್ಟರನು ಟಿಕೆಟ್ ಎಂದರೆ ಇವನು “ಆನಿಯನ್” ಎಂದ.

ಊರು ಮುಟ್ಟುವಷ್ಟರಲ್ಲಿ ಬಾಯಿಗೆ ಬಂತು. ಆದರೆ ಕಿವಿಗೆ ಒಪ್ಪಲಿಲ್ಲ. ಮಂಕಿ ಆದಮೇಲೆ ಅಂಬ್ರೆಲಾ ಎಂದು ಕಾಲು ಚಾಚುತ್ತದೆ, ಟಿಕೆಟ್ ಎಂದರೆ ಮುಗ್ಗರಿಸುತ್ತದೆ. ಇದೇನು ಮಂತ್ರವೋ ಮುರುಕು ಏಣಿಯೋ! ಗುಡಿಯ ಕಟ್ಟೆಯ ಮೇಲೆ ಕುಳಿತು ತೊಡೆಯ ಮೇಲೆ ತಾಳ ಹಾಕಿ ನೋಡಿದ. ಬೆರಳು ತಾವಾಗಿಯೇ ಕೆಲಸಕ್ಕೆ ಇಳಿದವು. ದೀಪ ಹಚ್ಚುವ ಹೊತ್ತಿಗೆ ಬಂಗಾರದಂಥ ಮೂರು ಸಾಲು ಕೂತವು:

ಅಂಕಲ್ ಮಂಕಿ ಟಿಕೆಟ್ ಬ್ಲಾಂಕೆಟ್,
ಲೆಮನ್ ಕಿಚನ್ ರಿಬ್ಬನ್ ಎಂಜಿನ್,
ಆನಿಯನ್ ಡಾಕ್ಟರ್ ಮ್ಯಾಂಗೋ ಅಂಬ್ರೆಲಾ.

ಸಾಲಿಗೆ ನಾಲ್ಕು. ಕೊನೆಯ ಅಂಬ್ರೆಲಾವನ್ನು ಎಷ್ಟು ಬೇಕಾದರೂ ಎಳೆಯಬಹುದು. ಕೊಟ್ರಬಸಪ್ಪನಿಗೆ ಕಣ್ಣು ತುಂಬಿ ಬಂದವು. ಇನ್ನು ಇದು ಏಳು ಜನ್ಮಕ್ಕೂ ಮರೆಯುವುದಿಲ್ಲ. ಎದೆಗೆ ಇಳಿದ ಮಂತ್ರದ ಕಾಗದವನ್ನು ಮನೆಯಲ್ಲಿ ಬಿದ್ದಾಡಲು ಬಿಡಬಾರದೆಂಬುದು ಹಿರಿಯರ ಮಾತು. ಮರುದಿನ ಮಿಂದು, ಚೀಟಿಗೆ ವಿಭೂತಿ ಹಚ್ಚಿ, ತುಂಗಭದ್ರೆಯ ಕಾಲುವೆಗೆ ಬಿಟ್ಟು ಕೈ ಮುಗಿದು ಬಂದ.

ಯಾರಿಗೂ ಹೇಳಬಾರದೆಂದು ಗಟ್ಟಿಯಾಗಿಯೇ ಇದ್ದ. ಆದರೆ ಸೋಮವಾರ ಮಂಗಳಾರತಿಯ ಹೊತ್ತಿನಲ್ಲಿ ಬಾಯಿ ತಾನಾಗಿ ಗುನುಗಿತು. ಮಲಿಕಸಾಬನ ಢೋಲಕಿ ಅದನ್ನು ಗಪ್ಪನೆ ಹಿಡಿಯಿತು. “ಭಾಳ ಛಲೋ ಐತ್ರಿ ಗುಮಾಸ್ತರ! ಯಾವ ಸಾಧುಂದು?” ಕೊಟ್ರಬಸಪ್ಪ ತಡವರಿಸಿ, “ದೂರ ದೇಶದಾಂವ,” ಎಂದ. ಎರಡು ವಾರದಲ್ಲಿ ಇಡೀ ಮೇಳ ಹಾಡಿತು. ತಿಂಗಳಲ್ಲಿ ಶಾಲೆಯ ಹುಡುಗಿಯರು ಅದಕ್ಕೆ ಕುಂಟಾಬಿಲ್ಲೆ ಆಡತೊಡಗಿದರು.

ಶ್ರಾವಣದಲ್ಲಿ ನಾಟಿ ನೋಡಲು ಹೋದಾಗ ಅವನ ಫೋನು ಗದ್ದೆಯ ಕೆಸರಿಗೆ ಬಿದ್ದು ಸತ್ತಿತು. ಹೊಸದು ಕೊಂಡ; ಅದರಲ್ಲಿ ಬೀಗವನ್ನು ಮೊದಲಿನಿಂದ ತೆರೆಯಬೇಕಿತ್ತು. ಕಾರ್ತಿಕ ಬಂತು; ಪೂಜೆಗೆ ಎರಡು ದಿನ ಇರುವಾಗ, ಸಣ್ಣಪ್ಪನ ದನಿಯನ್ನು ಇಳಿಸಿಕೊಳ್ಳಲೆಂದು ಭವಾನಿಯ ಮುಂದೆ ಕುಳಿತು, ಕಣ್ಣು ಮುಚ್ಚಿ, ರಾಗವಾಗಿ ಹನ್ನೆರಡೂ ಹೇಳಿದ.

ಬೀಗ ತೆರೆಯಲಿಲ್ಲ. ಮತ್ತೊಮ್ಮೆ ಹಾಡಿದ. ಇಲ್ಲ.

“ಕಾಕಾ, ನಾ ಬರದುಕೊಟ್ಟದ್ದು ಇದ ಸಾಲೇನ್ರಿ?”

“ಅದನವಾ. ಒಂಚೂರು ಚಂದ ಮಾಡೀನಿ.”

ಭವಾನಿ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. “ಕೀಲಿ ಹಲ್ಲು ಚಂದ ಕಾಣವಲ್ಲವಂತ ಅರದಿಂದ ತಿಕ್ಕಿದ್ರೇನ್ರಿ? ಚೀಟಿ ಎಲ್ಲಿ?”

“ಗಂಗೆಗೆ ಬಿಟ್ಟೀನಿ.”

“ಯಾರಿಗರ ಹೇಳೀರಿ?”

“ಇಲ್ಲ… ಊರ ಮಂದಿ ಅಷ್ಟ ಹಾಡ್ತಾರ.”

“ಊರ ಮಂದಿ!” ಭವಾನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. “ಸದ್ಯ, ತಪ್ಪು ಕಲಿಸೀರಿ. ಸರಿ ಕಲಿಸಿದ್ರ ಕೀಲಿ ಊರ ಪಾಲಾಗತಿತ್ತು.”

“ಹಿಂದ-ಮುಂದ ಮಾಡಿ ಒಂದೊಂದ ಹಚ್ಚಿ ನೋಡಿದ್ರ?”

ಅವಳು ಲೆಕ್ಕ ಹಾಕಿ ತೋರಿಸಿದಳು. ಹನ್ನೆರಡು ಮಾತನ್ನು ನಲವತ್ತೇಳು ಕೋಟಿ ತೊಂಬತ್ತು ಲಕ್ಷ ಬಗೆಯಲ್ಲಿ ಜೋಡಿಸಬಹುದಂತೆ. ಕೊಟ್ರಬಸಪ್ಪ ಆ ಅಂಕಿಯನ್ನು ಬೆರಳಿಟ್ಟು ಓದಿದ. ಅಷ್ಟು ಬಗೆಯಲ್ಲಿ ತನಗೆ ಚಂದ ಕಂಡದ್ದು ಒಂದೇ, ಅದೇ ತಪ್ಪು. ಕಂಪನಿಯ ಗೋದಾಮಿನಲ್ಲೇ ಇಟ್ಟಿದ್ದರೆ ಬೈದುಕೊಂಡು ಬಾಡಿಗೆ ಕೊಡುತ್ತಿದ್ದೆ, ಆದರೆ ಸಣ್ಣಪ್ಪ ಇರುತ್ತಿದ್ದ. ತಿಂಗಳಿಗೆ ಐನೂರು ಉಳಿಸಲು ಹೋಗಿ ಗೆಳೆಯನನ್ನು ಎರಡನೇ ಸಲ ಮಣ್ಣು ಮಾಡಿದೆನಲ್ಲ ಎಂದು ಊರು ಮುಟ್ಟುವತನಕ ಬಸ್ಸಿನಲ್ಲಿ ತನ್ನನ್ನೇ ಹಳಿದುಕೊಂಡ.

ಮರುದಿನ ಮುಂಜಾನೆ ಹುಲಿಗವ್ವನ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಮೊರ ಹಿಡಿದು ಪೂಜೆಯ ಅಕ್ಕಿ ಹಸನು ಮಾಡುತ್ತಿದ್ದಳು. ಕೊಟ್ರಬಸಪ್ಪ ಚಪ್ಪಲಿ ಬಿಟ್ಟು, ಕಟ್ಟೆಯ ತುದಿಯಲ್ಲಿ ಕುಳಿತು, ಗೋದಾಮಿನಿಂದ ಹಿಡಿದು ಕಾಲುವೆಯತನಕ ಎಲ್ಲ ಒಪ್ಪಿಸಿದ. “ನನ್ನ ಚಟಾನ ಆತನ್ನ ನುಂಗಿತು, ಬೇ. ನಾಳೆ ಸಣ್ಣಪ್ಪನ ದನಿ ಬರಂಗಿಲ್ಲ. ನೀ ಏನ್ ಅಂದ್ರೂ ಅನಸಕೊಂತೀನಿ.”

ಮೊರ ನಿಂತಿತು. ಹುಲಿಗವ್ವ ಒಂದು ಹಳ್ಳನ್ನು ಆರಿಸಿ ಆಚೆ ಎಸೆದಳು.

“ಬಸ್ಸಿನ್ಯಾಗ ವಟಗುಟ್ಟಿದೆಲ್ಲ, ಅದನ?”

“ಅದನ. ನೀ ನಿದ್ದಿ ಮಾಡಿದ್ದಿ.”

“ನಿನ್ನ ಮಗ್ಗಲಕ ಕುಂತು ಯಾರಿಗೆ ನಿದ್ದಿ ಹತ್ತತೈತಿ? ಮಣಕಾಲ ಬ್ಯಾನಿಗೆ ಯಾರೋ ಮಂತ್ರ ಕೊಟ್ಟಾರಂತ ಸುಮ್ಕ ಇದ್ದೆ.” ಮೊರ ಮತ್ತೆ ಆಡತೊಡಗಿತು, ಅದರ ಗತಿಗೆ ಅವಳ ಬಾಯಿಯಿಂದ ಒಂದೊಂದೇ ಉದುರಿದವು: “ರಿಬ್ಬನ್ನ, ಡಾಕ್ಟ್ರು, ಮಂಕಿ, ಅಂಬ್ರೆಲ್ಲ, ಟಿಕೇಟ, ಆನೇನ, ಲೆಮ್ಮನ, ಕಿಚ್ಚನ, ಇಂಜಿನ್ನ, ಬ್ಲಾಂಕೀಟ, ಅಂಕಲ್ಲ, ಮ್ಯಾಂಗೊ.”

ಕೊಟ್ರಬಸಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. “ಹೆಂಗ… ಹೆಂಗ ನೆನಪೈತಿ?”

“ಉಂಡ ಅನ್ನ ಯಾರಿಗೆ ನೆನಪಿರತೈತಿ? ಅದರಾಗಿನ ಹಳ್ಳು ಹಲ್ಲಿಗೆ ನೆನಪಿರತೈತಿ. ಎಲ್ಲೆಲ್ಲಿ ಎಡವತಿತ್ತೋ ಅಲ್ಲಲ್ಲಿ ಕಡದೀನಿ.”

“ಮತ್ತ ಇಡೀ ಊರು ತಪ್ಪು ಹಾಡಾಕತ್ತಾಗ ಒಂದ ಮಾತು ಅನಬಾರದಿತ್ತ?”

“ನೀ ಯಾವ ಪದ ತಿದ್ದಿಲ್ಲ ಹೇಳು? ಇದನ್ನೂ ತಿದ್ದೀದಿ ಅಂತ ತಿಳಕೊಂಡೆ.” ಆಮೇಲೆ ಮೊರದಿಂದ ಕಣ್ಣೆತ್ತದೆ ಕೇಳಿದಳು: “ತಿಂಗಳಿಗೆ ಐನೂರು ಉಳೀತು ಅಂದೆಲ್ಲ. ನಿನ್ನ ಗಂಟು ಇಷ್ಟು ದಿನ ನನ್ನ ತಲ್ಯಾಗ ಇತ್ತು. ಅದರ ಬಾಡಿಗಿ?”

“ಕೇಳು ಬೇ, ಏನ್ ಬೇಕು?”

“ವಾರಕ್ಕೊಂದ ಕಟ್ಟು ಎಲಿ, ಅಡಿಕಿ. ಸಂತಿ ದಿನ ತಪ್ಪಬಾರದು.”

ಭವಾನಿಗೆ ಫೋನಿನಲ್ಲೇ ಒಪ್ಪಿಸಿದರು. ಹುಲಿಗವ್ವ ಹೇಳಿದಳು, ಕೊಟ್ರಬಸಪ್ಪನಿಗೆ ನಡುವೆ ಬಾಯಿ ಹಾಕಲು ಬಿಡಲಿಲ್ಲ. ಆಚೆಯಿಂದ ಭವಾನಿ “ತೆರೀತು!” ಎಂದು ಕಿರುಚಿದ ಸದ್ದಿಗೆ ಅಂಗಳದ ಗುಬ್ಬಿಗಳೆಲ್ಲ ಹಾರಿದವು.

ಪೂಜೆಯ ದಿನ ಸಂಜೆ ಗುಡಿಯ ಕಟ್ಟೆಯ ಮೇಲೆ ಸಣ್ಣಪ್ಪನ ಫೋಟೋ, ಪಕ್ಕದಲ್ಲಿ ಸ್ಪೀಕರ್. ಭವಾನಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಫೋನಿನ ಮೇಲೆ ಹಾಡು ಇಳಿಯುವ ಗೆರೆ ತೆವಳುತ್ತ ನಡೆದಿತ್ತು. ಮಲಿಕಸಾಬ ಢೋಲಕಿ ಬಿಗಿದು ಬಿಗಿದು ಸಾಕಾಗಿ, “ಯಾವ್ಯಾವ ದೇಶದವ್ರ ಮನೀ ಬಾಗಲಾ ಬಡೀಬೇಕೋ, ಪಾಪ,” ಎಂದ. “ಕಂಪನೀದು ಆಗಿದ್ರ ಆಗಲೇ ಬರತಿತ್ತ್ರಿ,” ಎಂದಳು ಭವಾನಿ. “ಆ ಎ.ಸಿ. ರೊಕ್ಕ ಇದಕ್ಕಂತನ ಕೊಡೂದು.” ಕೊಟ್ರಬಸಪ್ಪ ತಲೆ ತಗ್ಗಿಸಿ ತಾಳ ಒರೆಸತೊಡಗಿದ.

ಕೊನೆಗೆ ಸ್ಪೀಕರ್ ಗೊರಗುಟ್ಟಿತು. ಯಾರೋ ಕೆಮ್ಮಿದರು. ಆ ಕೆಮ್ಮು ಸಣ್ಣಪ್ಪನದು. ಹುಲಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ದನಿ ಎದ್ದಿತು. ಕಣದ ಪದ. ಮೇಳ ಹಿಂದೆ ಹಿಡಿಯಿತು. ಮೊದಲ ನುಡಿ, ಎರಡನೇ ನುಡಿ. ಮೂರನೆಯದಕ್ಕೆ ಸಣ್ಣಪ್ಪ, “ಹೊಟ್ಟು ಹಾರಿ ಹೋಗಲಿ, ಕಾಳು ಉಳಿಯಲಿ ತಂದೆ,” ಎಂದು ಮೇಳಕ್ಕೆ ಬಿಟ್ಟುಕೊಟ್ಟ. ಕೊಟ್ರಬಸಪ್ಪ ಭಕ್ತಿಯಿಂದ ಕಣ್ಣು ಮುಚ್ಚಿದ್ದ. ನಾಲಗೆಯ ಮೇಲೆ ಕಾವಲಿರಲಿಲ್ಲ.

“ಕಾಳು ಉಳಿಯಲಿ ತಂದೆ, ಹೊಟ್ಟು ಹಾರಿ…”

“ಗುಮಾಸ್ತರ!” ಎಂದು ಸ್ಪೀಕರ್ ಗದರಿತು.

ಕೊಟ್ರಬಸಪ್ಪನ ಕೈಯಿಂದ ತಾಳ ಜಾರಿ ಕಟ್ಟೆಯ ಮೇಲೆ ಉರುಳಿತು.

“ಮತ್ತ ಹಿಂದ-ಮುಂದ ಮಾಡಿದ್ರಿ? ಹೊಟ್ಟು ಮೊದಲ ಹೋಗಬೇಕ್ರಿ, ಆಮ್ಯಾಲ ಕಾಳು ಉಳೀತೈತಿ. ಕಣದಾಗ ತೂರಿದವ್ರನ್ನರ ಕೇಳ್ರಿ. ನಮ್ಮ ಹುಲಿಗಿನ್ನ ಕೇಳ್ರಿ!”

ಫೋನಿನಲ್ಲಿ ಹಾಡು ಹಿಡಿದ ಅಂದೂ ಕೊಟ್ರಬಸಪ್ಪ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿದ್ದ ಎಂಬುದು ಎಲ್ಲರಿಗೂ ತಿಳಿಯಲು ಒಂದು ಗಳಿಗೆ ಹಿಡಿಯಿತು. ಮೊದಲು ಮಲಿಕಸಾಬ ನಕ್ಕ, ಆಮೇಲೆ ಕಟ್ಟೆಯೆಲ್ಲ ನಕ್ಕಿತು. ಹುಲಿಗವ್ವ ನಗುತ್ತಲೇ ಕಣ್ಣು ಒರೆಸಿಕೊಂಡಳು, ಉರುಳಿದ ತಾಳ ಎತ್ತಿ ಕೊಟ್ರಬಸಪ್ಪನ ಕೈಗಿಟ್ಟಳು.

“ಕೇಳು ಅಂದಾನಲ್ಲ, ಕೇಳು ಮತ್ತ.”

“ಹೊಟ್ಟು ಮೊದಲ ಏನ್ ಬೇ?”

“ಹೊಟ್ಟು ಮೊದಲ. ಹಾಡ್ರಿ ಈಗ, ಆತ ಮುಂದಿನ ನುಡಿಗೆ ಹೊಂಟಾನ.”