ಬೆರಳಿನ ತನಕದ ವಿಷ

ಹನ್ನೊಂದು ವರ್ಷ ಕ್ರಿಸ್ಪುಲೊ ಒಲಾಂಗೊ ದ್ವೀಪದ ಹವಳದ ದಿಬ್ಬದಂಚಿಗೆ ಬಲೆ ಬಿಟ್ಟು, ವಿಷದ ಶಂಖಹುಳುಗಳನ್ನು ಹಿಡಿದು ಸೆಬು ನಗರದ ಪ್ರಯೋಗಾಲಯಕ್ಕೆ ಕೊಟ್ಟಿದ್ದ. ಹುಳುವಿನ ಕುಟುಕುವ ಸೊಂಡಿಲು ತನ್ನ ಕಡೆ ಹೊರಳುವ ಮೊದಲೇ ಅದನ್ನು ಡಬ್ಬಿಗೆ ಹಾಕುವ ಕೈಚಳಕ ಅವನದು. ಒಂದು ಸಲವೂ ಕುಟುಕಿಸಿಕೊಂಡಿರಲಿಲ್ಲ.

ಪ್ರಯೋಗಾಲಯದವರು ಹೇಳಿದ್ದನ್ನು ಅವನು ಹೆಂಡತಿ ತಸಿಂಗ್‌ಗೆ ಹೇಳುತ್ತಿದ್ದ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಸಣ್ಣ ಬಾಗಿಲುಗಳಿವೆಯಂತೆ, ಈ ವಿಷ ಅವನ್ನು ಮುಚ್ಚಿಬಿಡುತ್ತದಂತೆ. ಬಾಗಿಲು ಮುಚ್ಚಿದರೆ ನೋವಿನ ಸುದ್ದಿ ಮಿದುಳಿಗೆ ತಲುಪುವುದಿಲ್ಲ. "ನೋವು ಹೊರಗೇ ನಿಂತು ಬಾಗಿಲು ಬಡೀತಾ ಇರತ್ತೆ ದಾಯ್, ನಾವು ಒಳಗೆ ಗೊರಕೆ ಹೊಡೀತಾ ಇರ್ತೀವಿ," ಎಂದು ನಗುತ್ತಿದ್ದ. ಅವಳನ್ನು ಅವನು ಪ್ರೀತಿಯಿಂದ ಕರೆಯುತ್ತಿದ್ದುದೇ ದಾಯ್ ಎಂದು.

ಈಗ ಅವನ ಬೆನ್ನುಮೂಳೆಗೆ ಕ್ಯಾನ್ಸರ್ ಇಳಿದಿತ್ತು. ಮಾರ್ಫಿನ್ ಮಾತ್ರೆಗೂ ನೋವು ಜಗ್ಗುತ್ತಿರಲಿಲ್ಲ. ಬಿದಿರಿನ ಮಂಚದಲ್ಲಿ ಮಗ್ಗುಲು ಬದಲಿಸಿದರೆ ಸಾಕು, ಅವನ ಕೂಗು ದಂಡೆಯವರೆಗೆ ಕೇಳುತ್ತಿತ್ತು.

ತಸಿಂಗ್ ದೋಣಿ ಹತ್ತಿ ಸೆಬುವಿನ ಆಸ್ಪತ್ರೆಗೆ ಹೋದಳು. ಎಳೆ ವಯಸ್ಸಿನ ವೈದ್ಯೆ ಎಲ್ಲವನ್ನೂ ಕೇಳಿಸಿಕೊಂಡಳು.

"ಆ ಹುಳದ ಔಷಧಿ ಇರೋದು ನಿಜ ಅಕ್ಕಾ. ಆದ್ರೆ ನಮ್ಮಲ್ಲಿ ಸಿಗಲ್ಲ. ಬೆನ್ನುಹುರಿ ಸುತ್ತ ಇರೋ ನೀರಿಗೆ ಪಂಪಿನಿಂದ ಹನಿ ಹನಿಯಾಗಿ ಬಿಡ್ಬೇಕು. ಆ ಪಂಪೂ ಇಲ್ಲಿಲ್ಲ."

"ನಮ್ಮ ಸಮುದ್ರದ್ದೇ ಹುಳ ಅಲ್ವಾ ಡಾಕ್ಟ್ರೇ? ನಮ್ಮನೆಯವ್ರೇ ಹಿಡಿದು ಕೊಟ್ಟಿದ್ದು."

ವೈದ್ಯೆ ಚೀಟಿ ಎಳೆದುಕೊಂಡಳು. "ಇನ್ನೊಂದಿಷ್ಟು ಮಾರ್ಫಿನ್ ಬರ್ಕೊಡ್ತೀನಿ," ಎಂದಳು.

ಮನೆಗೆ ಬಂದು ಹೇಳಿದಾಗ ಕ್ರಿಸ್ಪುಲೊ, "ಹುಳ ನೀನೇ ಒಂದು ತಂದ್ಕೊಡು ದಾಯ್," ಎಂದ.

"ತಲೆ ಕೆಟ್ಟಿದೆಯಾ ನಿಮ್ಗೆ? ಪಂಪಿಲ್ದೆ ಆಗಲ್ಲ ಅಂದ್ರು."

"ಚಿಕ್ಕ ಜಾತೀದು ತಾ, ಕುಟುಕಿಸ್ಕೊಂಡು ನೋಡ್ತೀನಿ. ದೊಡ್ಡದು ಕುಟುಕಿದ್ರೆ ಒಂದೇ ಸಲಕ್ಕೆ ಎಲ್ಲಾ ಮುಗಿಯತ್ತೆ. ಅದನ್ನೇ ತಾ ಅನ್ನೋಣ ಅಂತಿದ್ದೆ. ಆದ್ರೆ ನೀನು ತರಲ್ಲ, ಗೊತ್ತು."

ತಸಿಂಗ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ಬೆಳಿಗ್ಗೆ ನೀರು ಇಳಿದಾಗ ಅವಳು ಹವಳದ ದಿಬ್ಬಕ್ಕೆ ಹೋದಳು. ಚಿಪ್ಪು ಆಯುತ್ತಿದ್ದ ನೆರೆಮನೆಯ ಮಿಲಾಗ್ರೊಸ್, "ಗಂಡನ್ನ ಬಿಟ್ಟು ಏಡಿ ಹುಡುಕೋಕೆ ಬಂದ್ಯಾ?" ಎಂದು ಚುಚ್ಚಿದಳು. ತಸಿಂಗ್ ಮುಂದಿನ ಕಲ್ಲಿನತ್ತ ಸರಿದಳು. ಕಲ್ಲು ಮಗುಚಿ, ಮರಳು ಕೆದಕಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೆರಳುದ್ದದ ಕಂದು ಪಟ್ಟೆಯ ಹುಳು ಸಿಕ್ಕಿತು. ಅದರ ಪಕ್ಕದ ಕಲ್ಲಿನಡಿ ದೊಡ್ಡ ಜಾತಿಯದೂ ಒಂದಿತ್ತು. ಅದನ್ನು ಅವಳು ಬಹಳ ಹೊತ್ತು ನೋಡಿದಳು. ಕಡೆಗೆ ಕಲ್ಲನ್ನು ಮೆಲ್ಲಗೆ ಮೊದಲಿನಂತೆ ಇಟ್ಟು ಬಂದಳು.

ಕ್ರಿಸ್ಪುಲೊ ಡಬ್ಬಿಯ ನೀರಿಗೆ ತೋರುಬೆರಳು ಇಳಿಸಿ, ಹುಳುವನ್ನು ಕೆಣಕಿದ. ಸೊಂಡಿಲು ಹೊರಬಂದು ಬೆರಳನ್ನು ಮುಟ್ಟಿತು. ಅವನು ಒಮ್ಮೆ ಬೆಚ್ಚಿದ, ಅಷ್ಟೇ.

ಇಬ್ಬರೂ ಕಾದರು. ಬೆರಳು ಊದಿತು, ಜುಮ್ಮೆಂದಿತು, ಆಮೇಲೆ ಮರಗಟ್ಟಿತು. ತಸಿಂಗ್ ಉಗುರಿನಿಂದ ಚಿವುಟಿದಳು.

"ಗೊತ್ತಾಗತ್ತಾ?"

"ಇಲ್ಲ."

"ಬೆನ್ನು?"

ಅವನು ಗೋಡೆಯ ಕಡೆ ಮುಖ ಹೊರಳಿಸಿದ. "ಬೆರಳೊಂದಕ್ಕೇ ಕಾಯಿಲೆ ಇರ್ಲಿಲ್ಲ ದಾಯ್. ಆ ಬೆರಳಿಗೇ ಔಷಧಿ ಮಾಡಿದ್ವಿ ನೋಡು," ಎಂದ. ನಗಲು ಹೋದವನಿಗೆ ನೋವು ಎದ್ದು ಬಂದು ಉಸಿರು ಕಟ್ಟಿತು. ಅದಾದ ಮೇಲೆ ಅವನು ಏನನ್ನೂ ಬೇಡಲಿಲ್ಲ.

ಇನ್ನೂ ಇಪ್ಪತ್ತಮೂರು ದಿನ ಬದುಕಿದ್ದ. ಕೊನೆಯ ಮೂರು ದಿನ ಮನೆಯಿಂದ ಸದ್ದೇ ಇರಲಿಲ್ಲ. ಮಿಲಾಗ್ರೊಸ್ ಗಂಜಿ ತಂದು, ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡು, "ಸದ್ಯ, ಅಣ್ಣಂಗೆ ನೋವು ಇಳೀತು. ದೇವ್ರು ದೊಡ್ಡೋನು," ಎಂದಳು.

ತಸಿಂಗ್ ಹೂಂ ಎಂದಳು. ಕೂಗಿ ಕೂಗಿ ಅವನ ಗಂಟಲು ಸತ್ತಿತ್ತು, ಅಷ್ಟೇ. ಅವಳ ಮಣಿಕಟ್ಟನ್ನು ಹಿಡಿದಿದ್ದ ಅವನ ಕೈ ಗಳಿಗೆಗೊಮ್ಮೆ ಬಿಗಿಯುತ್ತಲೇ ಇತ್ತು. ಆ ಕೈ ಸಡಿಲವಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ.